ವಿಮಾನ ಒಂದು ಗಂಟೆ, ಘಾಟಿ ನಾಲ್ಕು ಗಂಟೆ

ಕೊಡಗಿಗೆ ಹೊಸದಾಗಿ ಬಂದವರು ನಮ್ಮ ಸಂಘದಲ್ಲಿ ಪದೇ ಪದೇ ಕೇಳುವ ಮಾತು: "ಮಂಗಳೂರಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆಯಂತೆ, ಹಾಗೇ ಹೋದರಾಗದಾ?" ಆಗುತ್ತದೆ. ಆದರೆ ನಿಮ್ಮ ಮನೆ ಇರುವುದು ಮಂಗಳೂರಲ್ಲಲ್ಲ, ಮಡಿಕೇರಿಯಲ್ಲಿ.

ಈ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಎಲ್ಲಿಗೆ ಹೊರಟರೂ ಮೊದಲು ರಸ್ತೆ.

ಮಂಗಳೂರು–ಬೆಂಗಳೂರು ನೇರ ಅಂತರ ಸುಮಾರು 300 ಕಿ.ಮೀ., ರಸ್ತೆಯಲ್ಲಾದರೆ 350ರ ಆಸುಪಾಸು. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿದ್ದರೂ ವಿಮಾನ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಉಳಿದದ್ದು ನೆಲದ ಮೇಲೆ ಉರುಳುವ ಹೊತ್ತು.

ಈಗ ನಿಮ್ಮ ಲೆಕ್ಕ ಹಾಕಿ. ಮಡಿಕೇರಿಯಿಂದ ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾಟಿ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಗೆ ಸುಮಾರು 145 ಕಿ.ಮೀ., ಅಂದರೆ ನಾಲ್ಕು ಗಂಟೆ. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಹಾರಾಟ ಒಂದು ಗಂಟೆ. ದೇವನಹಳ್ಳಿಯಿಂದ ಊರೊಳಗೆ ಬರಲು ಒಂದೂವರೆ. ಎಂಟೂವರೆ ಗಂಟೆ ಆಯ್ತು! ಕುಶಾಲನಗರ, ಹುಣಸೂರು, ಮೈಸೂರು ದಾರಿಯ ಬಸ್ಸು ಆರು ಗಂಟೆ ಚಿಲ್ಲರೆಯಲ್ಲಿ ಬೆಂಗಳೂರು ಮುಟ್ಟಿಸುತ್ತದೆ. 2023ರಲ್ಲಿ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮೈಸೂರಿಂದಾಚೆ ಇನ್ನೂ ಸಲೀಸು. ಬೆಂಗಳೂರಿಗೆ ಹೋಗಲು ವಿಮಾನ ಹಿಡಿಯುವುದು ಸುಮ್ನೆ ದುಡ್ಡು ದಂಡ, ನನ್ನನ್ನು ಕೇಳಿದರೆ.

ಮುಂಬೈಗೋ ಗಲ್ಫಿಗೋ ಹೋಗುವವರ ಮಾತು ಬೇರೆ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ನಿಲ್ದಾಣ ಹತ್ತಿರ. 2018ರ ಡಿಸೆಂಬರ್‌ನಲ್ಲಿ ಶುರುವಾಯಿತು, ಇರುವುದು ಮಟ್ಟನ್ನೂರಿನಲ್ಲಿ. ಪೆರುಂಬಾಡಿ, ಮಾಕುಟ್ಟ ದಾರಿಯಲ್ಲಿ ಸುಮಾರು 60 ಕಿ.ಮೀ. ಎರಡು ಗಂಟೆ ಇಟ್ಟುಕೊಳ್ಳಿ. ಮಾಕುಟ್ಟದ ಕಾಡಿನಲ್ಲಿ ಫೋನ್ ಸಿಗ್ನಲ್ ನಂಬಬೇಡಿ, ಟಿಕೆಟ್ಟನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಿ.

ಮಳೆಗಾಲದಲ್ಲಿ ಮೇಲಿನ ಲೆಕ್ಕವೆಲ್ಲ ತಲೆಕೆಳಗು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಆಕಾಶವೂ ಕೈಕೊಡುತ್ತದೆ. ಬಜ್ಪೆಯ ರನ್‌ವೇ ಗುಡ್ಡದ ತಲೆ ಮೇಲಿದೆ, ಮೋಡ ಅಲ್ಲೇ ಬಂದು ಕೂರುತ್ತದೆ. ಒಂದು ಜುಲೈಯಲ್ಲಿ ಅಣ್ಣನ ಮನೆಯವರನ್ನು ಕರೆತರಲು ಹೋಗಿದ್ದೆ. ಅವರ ವಿಮಾನ ಮೇಲೆ ಮೂರು ಸುತ್ತು ಹೊಡೆದು, ಇಳಿಯಲಾಗದೆ ವಾಪಸ್ ಬೆಂಗಳೂರಿಗೇ ಹೋಯಿತು. ಅವರು ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮಡಿಕೇರಿಯಲ್ಲಿ ಇಳಿದರು. ನಾನು ಖಾಲಿ ಕಾರಿನಲ್ಲಿ, ವೈಪರ್ ಜೋರಾಗಿ ಹಾಕಿಕೊಂಡು, ಮುಂದಿನ ಲಾರಿಯ ಕೆಂಪು ದೀಪವನ್ನೇ ನೋಡುತ್ತಾ ಘಾಟಿ ಹತ್ತಿದೆ.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ಘಾಟಿ ಇಳಿದು ಮಂಗಳೂರಿನಲ್ಲಿ ಉಳಿಯಿರಿ. ಲಾಡ್ಜ್ ಖರ್ಚು ತಪ್ಪಿದ ಟಿಕೆಟ್‌ಗಿಂತ ಕಡಿಮೆಯೇ, ಅಲ್ವಾ? ಹೊರಡುವ ಮುನ್ನ ಘಾಟಿ ತೆರೆದಿದೆಯಾ ಅಂತ ಸುಳ್ಯ ಕಡೆಯಿಂದ ಬರುವ ಬಸ್ಸಿನವರನ್ನು ಕೇಳಿ, ಮ್ಯಾಪ್‌ಗಿಂತ ಅವರಿಗೆ ಜಾಸ್ತಿ ಗೊತ್ತು.

ಮಕ್ಕಳಿಗೆ ಮಡಿಕೇರಿಯಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡಿ. ತಿರುವು ಮುಗಿಯುವಷ್ಟರಲ್ಲಿ ಎಲ್ಲ ಹೊರಗೆ ಬರುತ್ತದೆ. ಮೂಸಲು ಒಂದು ನಿಂಬೆಹಣ್ಣು ಕೈಗೆ ಕೊಡಿ, ತಿಂಡಿ ಸುಳ್ಯದಲ್ಲಿ.