ಮರ ಕಡಿದು ಸಾಲು ಹಾಕಿದೆ

ಕೊಡಗಿನಲ್ಲಿ ತೋಟದ ಮರ ಕಡಿಯಲು ಅನುಮತಿ ಬೇಕು. ನನ್ನ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ರೆಡ್-ಬ್ಲ್ಯಾಕ್ ಮರ, ಅಂದರೆ ಮಾಹಿತಿಯನ್ನು ಕವಲು ಕವಲಾಗಿ ಜೋಡಿಸಿಡುವ ರಚನೆ, ಅದನ್ನು ಕಡಿಯಲು ಮಾತ್ರ ಯಾರೂ ಅನುಮತಿ ಕೊಡಲಿಲ್ಲ. 'ಲಿನಕ್ಸ್ 2.4 ಕಾಲದಿಂದ ಅದನ್ನೇ ಬಳಸುತ್ತಿದೆ, ನೀನು ಯಾವ ಊರ ದಾಸಯ್ಯ?' ಎಂದು ಗೆಳೆಯರು ನಕ್ಕರು. ಇದು 2021ರ ಮಾತು.

ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ತೋಟಗಳ ಮಳೆ, ಮಣ್ಣಿನ ತೇವ ಲೆಕ್ಕ ಇಡುವ ಡಬ್ಬಿ ಮಾಡುತ್ತಿದ್ದೆ. ಕಾರ್ಟೆಕ್ಸ್-ಎ53 ಪ್ರೊಸೆಸರಿನ ಬೋರ್ಡು, ಸ್ವಂತ ಕರ್ನಲ್. ಯಾಕೆ ಸ್ವಂತದ್ದು ಎಂದು ಕೇಳಬೇಡಿ, ಚಟ.

ಒಂದು ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂ) ಹೆಚ್ಚೆಂದರೆ ಐವತ್ತು ಮೆಮೊರಿ ರೀಜನ್, ಅಂದರೆ ಅದಕ್ಕೆ ಕೊಟ್ಟ ಮೆಮೊರಿಯ ಹರವುಗಳು. ಅವುಗಳ ಲೆಕ್ಕವೇ ಆ ಮರದಲ್ಲಿ. ಪೇಜ್ ಫಾಲ್ಟ್ (ಮುಟ್ಟಿದ ಅಡ್ರೆಸ್‌ಗೆ ಮೆಮೊರಿ ಇನ್ನೂ ಜೋಡಿಸಿಲ್ಲ ಎಂಬ ಕರೆ) ಬಂದಾಗಲೆಲ್ಲ ಪಾಯಿಂಟರ್ (ಅಡ್ರೆಸ್ ತೋರಿಸುವ ಬೊಟ್ಟು) ಹಿಡಿದು ಆರು ಕಡೆ ಹಾರಬೇಕು, ಹಾರಿದ ಕಡೆಯೆಲ್ಲ ಕ್ಯಾಶ್ ಮಿಸ್, ಅಂದರೆ ಬೇಕಾದ್ದು ಪ್ರೊಸೆಸರಿನ ಪಕ್ಕದ ವೇಗದ ಮೆಮೊರಿಯಲ್ಲಿ ಇಲ್ಲ. ಸಾಲು ಹಿಡಿದು ಕಾಫಿ ಕೊಯ್ಯುವುದು ಬಿಟ್ಟು, ಹಣ್ಣಾದ ಗಿಡ ಹುಡುಕಿಕೊಂಡು ಸುಮ್ನೆ ತೋಟವೆಲ್ಲ ಅಲೆದ ಹಾಗೆ.

ಮೊದಲು ರೀಜನ್‌ಗಳ ವಿವರವಿದ್ದ ಇಡೀ ಸ್ಟ್ರಕ್ಟ್‌ಗಳನ್ನೇ ಸಾರ್ಟ್ ಮಾಡಿದ ಅರೇಯಲ್ಲಿ (ಒತ್ತೊತ್ತಾದ ಸಾಲು) ತುಂಬಿದೆ. ವೇಗವೂ ಸಿಗಲಿಲ್ಲ, ಮೇಲೆ ಒಂದು ಭೂತ ಸೇರಿಕೊಂಡಿತು. ಯಾವ ಫೈಲ್ ಯಾವ ರೀಜನ್‌ಗೆ ಎಂಬ ಫೈಲ್ ಮ್ಯಾಪಿಂಗ್ ಪಟ್ಟಿಯ ಪಾಯಿಂಟರ್‌ಗಳು ಅರೇಯ ಒಳಕ್ಕೇ ಬೊಟ್ಟು ಮಾಡುತ್ತಿದ್ದವು. ನಡುವೆ ಹೊಸದೊಂದನ್ನು ತೂರಿಸಿದರೆ ಉಳಿದವು ಜರುಗುತ್ತವೆ, ಬೊಟ್ಟು ಪಕ್ಕದ ಮನೆಯ ಮೇಲೆ! ಅನ್‌ಮ್ಯಾಪ್ ಮಾಡಿದಾಗ, ಅಂದರೆ ಆ ಜೋಡಣೆ ಬಿಡಿಸಿದಾಗ, ಪಕ್ಕದವನ ಪೇಜ್ (ಮೆಮೊರಿಯ ಒಂದು ಪುಟ) ಹೋಗುತ್ತಿತ್ತು. ಸುಮಾರು ಮೂರು ದಿನ ಓಡಿದ ಮೇಲಷ್ಟೇ ಕ್ರ್ಯಾಶ್. ಜುಲೈ ಮಳೆಯಲ್ಲಿ ನಮ್ಮಲ್ಲಿ ಮೂರು ದಿನ ಸತತ ಕರೆಂಟ್ ಇದ್ದರೆ ತಾನೆ? ಡಬ್ಬಿ ರೀಸ್ಟಾರ್ಟ್ ಆಗುತ್ತಲೇ ಇತ್ತು, ಬಗ್ ಅಡಗಿಯೇ ಇತ್ತು. ಅದನ್ನು ಹಿಡಿಯಲೆಂದೇ ಹದಿನಾರು ಸಾವಿರದ ಇನ್ವರ್ಟರ್ ಬ್ಯಾಟರಿ ತಂದೆ. ಮನೆಯವರಿಗೆ ಟಿವಿಗೆಂದು ಹೇಳಿದ್ದೆ. ಅಷ್ಟರಲ್ಲಿ ಗಿರಾಕಿ ನಲವತ್ತು ಸಾವಿರ ತಡೆಹಿಡಿದಾಗಿತ್ತು.

ಆಮೇಲೆ ಸ್ಟ್ರಕ್ಟ್‌ಗಳನ್ನು ಇದ್ದಲ್ಲೇ ಬಿಟ್ಟು, ಶುರುವಿನ ಅಡ್ರೆಸ್‌ಗಳನ್ನು ಮಾತ್ರ ಒಂದು ಅರೇಗೆ ಹಾಕಿದೆ. ಐವತ್ತಕ್ಕೆ 400 ಬೈಟ್, ಏಳು ಕ್ಯಾಶ್ ಲೈನ್ (ಕ್ಯಾಶ್ ಒಮ್ಮೆಗೆ ತರುವ ತುಂಡು). ಹುಡುಕಾಟದ ಸಮಯ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಬದಲಾಯಿಸುವಾಗ ಹೊಸ ಪ್ರತಿ ಮಾಡಿ ಪಾಯಿಂಟರ್ ತಿರುಗಿಸುತ್ತೇನೆ, ಓದುವವರಿಗೆ ಲಾಕ್ ಬೇಡ. ಹಳೆಯದನ್ನು ಯಾವಾಗ ಬಿಡಬೇಕೆಂಬುದೇ ಕೈಚಳಕ. ಅದನ್ನು ಇಲ್ಲಿ ಹೇಳಲ್ಲ.

ಪರೀಕ್ಷೆಗೆಂದು ಇಪ್ಪತ್ತು ಸಾವಿರ ರೀಜನ್ ಹಾಕಿ ನೋಡಿದಾಗ ಮಾತ್ರ ಬಸವನಹುಳು. ಒಂದೊಂದು ಸೇರ್ಪಡೆಗೂ ಇಡೀ 160 ಕೆಬಿ ನಕಲು. 32ರ ತುಂಡು ಮಾಡಿ ಮೇಲೊಂದು ಸೂಚಿ ಇಟ್ಟೆ. ಇನ್ನೂ ದೊಡ್ಡದಾದರೆ ಆ ಸೂಚಿಗೂ ಒಂದು ಸೂಚಿ. ಅದು ಬಿ-ಟ್ರೀ (ಒಂದೊಂದು ಗೆಣ್ಣಲ್ಲೂ ಹಲವು ಕವಲಿರುವ ಮರ) ತಾನೇ, ಅಲ್ವಾ? ಮರ ಕಡಿದವನ ಹಿತ್ತಲಲ್ಲೇ ಇನ್ನೊಂದು ಮರ, ಆದರೆ ಗಿಡ್ಡ.

ಈ ನಡುವೆ ಖಾಲಿ ಪೇಜ್‌ಗಳ ಲೆಕ್ಕಕ್ಕೂ ಬಿಟ್‌ಮ್ಯಾಪ್ (ಪೇಜಿಗೊಂದು ಬಿಟ್ ಗುರುತು) ಹಾಕಿದ್ದೆ. 512 ಎಂಬಿಗೆ ಬರೀ 16 ಕೆಬಿ, ಖುಷಿಯೋ ಖುಷಿ. ಒಂದೊಂದೇ ಪೇಜ್‌ಗೆ ಚೆನ್ನ. ಸಾಲಾಗಿ 64 ಪೇಜ್ ಕೇಳಿದರೆ ತಡಕಾಟವೇ ಜಾಸ್ತಿ. ವಾರದಲ್ಲಿ ಹಳೆಯ ಬಡ್ಡಿಗೆ (buddy, ಪೇಜ್‌ಗಳನ್ನು ಜೋಡಿ ಜೋಡಿಯಾಗಿ ಒಡೆದು ಕೂಡಿಸುವ ಪದ್ಧತಿ) ವಾಪಸ್. ಬಿಟ್‌ಮ್ಯಾಪ್ ಈಗ ಬೂಟ್ ಆಗುವಾಗ ಮಾತ್ರ.

2022ರ ಡಿಸೆಂಬರಿನಲ್ಲಿ ಲಿನಕ್ಸ್ 6.1 ಬಂತು. ರೀಜನ್‌ಗಳ ರೆಡ್-ಬ್ಲ್ಯಾಕ್ ಮರವನ್ನೂ, ಅದರ ಜೊತೆಗಿದ್ದ ಲಿಂಕ್ಡ್ ಲಿಸ್ಟನ್ನೂ ತೆಗೆದು ಮೇಪಲ್ ಟ್ರೀ ಹಾಕಿದ್ದರು. ಅದೂ ಬಿ-ಟ್ರೀ ಜಾತಿಯದೇ, 256 ಬೈಟಿನ ನೋಡ್ (ಮರದ ಗೆಣ್ಣು). ನಾನು ಮೊದಲು ಎನ್ನುವುದಿಲ್ಲ, ಅವರದು ಬೇರೆಯೇ ತೂಕದ ಕೆಲಸ. ಆದರೂ ದಾಸಯ್ಯ ಎಂದಿದ್ದವನಿಗೆ ಅವತ್ತು ರಾತ್ರಿಯೇ ಫೋನ್ ಮಾಡಿದೆ. ನಿದ್ದೆಗಣ್ಣಲ್ಲಿ 'ಸರಿ ಬಿಡಪ್ಪ' ಅಂದ.