ಸಾಲು ಶಿಖರಗಳ ಚಾರಣ: ಲೆಕ್ಕ ಕತ್ತಲಿನಿಂದ ಶುರುವಾಗಲಿ

ನಾಲ್ಕು ದಿನ, ನಾಲ್ಕು ಶಿಖರ. ಕಾಗದದ ಮೇಲೆ ಬರೆದಾಗ ಎಷ್ಟು ಚೆಂದ ಕಾಣುತ್ತದೆ ಅಲ್ವಾ? ನನ್ನ ಮೊದಲ ಯೋಜನೆಯೂ ಹೀಗೇ ಇತ್ತು. ಮೂರನೇ ದಿನ ನೆತ್ತಿಯಿಂದ ಅರ್ಧ ಇಳಿಯುವಷ್ಟರಲ್ಲಿ ಬೆಳಕು ಹೋಯಿತು. ಟಾರ್ಚ್ ಇತ್ತು, ಆದರೆ ಬ್ಯಾಗಿನ ತಳದಲ್ಲಿ, ಒದ್ದೆ ಬಟ್ಟೆಯ ಕೆಳಗೆ. ಮೂವರಿಗೆ ಅದೊಂದೇ ಟಾರ್ಚ್. ಸಡಿಲ ಕಲ್ಲುಗಳ ಇಳಿಜಾರಿನಲ್ಲಿ ಕೂತುಕೊಂಡೇ ಜಾರುತ್ತಾ ಇಳಿದೆವು. ಒಂದೂವರೆ ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಪ್ಯಾಂಟು ಹರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಹಿಂದಿನ ರಾತ್ರಿ ಅರ್ಧ ಗಂಟೆ ಚರ್ಚೆ ಮಾಡಿದ್ದೆವು. ಎಷ್ಟು ಹೊತ್ತಿಗೆ ವಾಪಸ್ ಬಂದಿರಬೇಕು ಅಂತ ಒಬ್ಬರೂ ಕೇಳಿರಲಿಲ್ಲ.

ಅಂದಿನಿಂದ ನಾನು ಯೋಜನೆಯನ್ನು ಹಿಂದುಮುಂದಾಗಿ ಮಾಡುತ್ತೇನೆ. ಮೊದಲು ಸೂರ್ಯ ಮುಳುಗುವ ಹೊತ್ತು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತೇನೆ. ಅದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಒಂದೇ ಕಡೆ ಕ್ಯಾಂಪೋ, ಹೊತ್ತು ಸಾಗುವುದೋ?

ಹಲವು ದಿನಗಳ ಶಿಖರ ಚಾರಣದಲ್ಲಿ ಎರಡು ಬಗೆ. ಒಂದು ಕಡೆ ತಂಗಿ, ದಿನಾ ಒಂದೊಂದು ಶಿಖರಕ್ಕೆ ಹೋಗಿ ಬರುವುದು ಒಂದು. ಟೆಂಟು, ಒಲೆ, ಹಾಸಿಗೆ ಎಲ್ಲ ಹೊತ್ತುಕೊಂಡು ಬೆಟ್ಟದ ಏಣಿನ ಮೇಲೇ ಶಿಖರದಿಂದ ಶಿಖರಕ್ಕೆ ಸಾಗುವುದು ಇನ್ನೊಂದು. ಎರಡನೆಯದು ಫೋಟೊದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಮೊದಲ ಸಲ ಹೋಗುವವರಿಗೆ ಮಾತ್ರ ನಾನು ಕಣ್ಣುಮುಚ್ಚಿ ಮೊದಲನೆಯದನ್ನೇ ಹೇಳುತ್ತೇನೆ. ಬೆನ್ನ ಮೇಲೆ ಭಾರ ಕಮ್ಮಿ. ಸುಸ್ತಾದವರು ಒಂದು ದಿನ ಕ್ಯಾಂಪಿನಲ್ಲೇ ಉಳಿಯಬಹುದು. ಹವಾಮಾನ ಕೆಟ್ಟರೆ ನಾಳಿನ ಶಿಖರವನ್ನು ನಾಡಿದ್ದಿಗೆ ಹಾಕಬಹುದು. ಹೊತ್ತು ಸಾಗುವಾಗ ಇಷ್ಟು ಸಲೀಸಿಲ್ಲ. ಒಂದು ದಿನ ತಪ್ಪಿದರೆ ಮುಂದಿನ ದಿನಗಳೆಲ್ಲ ಏರುಪೇರಾಗುತ್ತವೆ.

ಪರವಾನಗಿ, ಕ್ಯಾಂಪ್ ಜಾಗದ ಬುಕಿಂಗ್, ದಾರಿ ತೆರೆದಿರುವ ತಿಂಗಳುಗಳು, ಇವನ್ನೂ ಈಗಲೇ ವಿಚಾರಿಸಿಕೊಳ್ಳಿ. ಹೆಸರುವಾಸಿ ಬೆಟ್ಟಗಳಲ್ಲಿ ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಇರುವುದುಂಟು.

ನಕ್ಷೆ, ಒಂದು ತುಂಡು ದಾರ

ಕಾಗದದ ನಕ್ಷೆ ಬಿಡಿಸಿ. ಒಂದು ತುಂಡು ಹೊಲಿಗೆ ದಾರವನ್ನು ಸ್ವಲ್ಪ ಒದ್ದೆ ಮಾಡಿ, ಹಾದಿಯ ಗೆರೆಯ ಮೇಲೇ ತಿರುವು ತಿರುವಾಗಿ ಕೂರಿಸಿ. ಒದ್ದೆ ದಾರ ಹಾಕಿದಲ್ಲೇ ನಿಲ್ಲುತ್ತದೆ. ಆಮೇಲೆ ಅದನ್ನು ಎತ್ತಿ ನೇರ ಮಾಡಿ, ನಕ್ಷೆಯ ಅಳತೆಪಟ್ಟಿಗೆ ಹಿಡಿಯಿರಿ. 1:50,000 ನಕ್ಷೆಯಾದರೆ 2 ಸೆಂಟಿಮೀಟರ್ ದಾರಕ್ಕೆ 1 ಕಿಲೋಮೀಟರ್. ಮೊಬೈಲ್ ಆ್ಯಪ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ ನಿಜ. ಆದರೆ ಬೆರಳಿನಲ್ಲಿ ಒಂದು ಸಲ ದಾರಿ ನಡೆದವರಿಗೆ ತಿರುವುಗಳು ನೆನಪಿರುತ್ತವೆ. ನಾನು ಎರಡನ್ನೂ ಮಾಡುತ್ತೇನೆ.

ಈಗ ಎತ್ತರ. ನಕ್ಷೆಯ ಕಾಂಟೂರ್ ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಜೋಡಿಸುತ್ತವೆ. ಗೆರೆಗಳು ದೂರ ದೂರ ಇದ್ದರೆ ಸಲೀಸು ನಡಿಗೆ, ಒತ್ತೊತ್ತಾಗಿದ್ದರೆ ಕಡಿದಾದ ಏರು. ದೂರದ ಬೆಟ್ಟ ಎಷ್ಟು ನುಣ್ಣಗಿದೆ ಅಂತ ಮನೆಯಲ್ಲೇ ಕೂತು ತಿಳಿಯುವುದು ಹೀಗೆ. ಎರಡು ಗೆರೆಗಳ ನಡುವೆ ಎಷ್ಟು ಮೀಟರ್ ಅಂತ ನಕ್ಷೆಯ ಮೂಲೆಯಲ್ಲಿ ಬರೆದಿರುತ್ತದೆ. ಹತ್ತುವಾಗ ದಾಟುವ ಗೆರೆಗಳನ್ನು ಎಣಿಸಿ, ಅದರಿಂದ ಗುಣಿಸಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಶಿಖರದ ಎತ್ತರದಿಂದ ಕ್ಯಾಂಪಿನ ಎತ್ತರ ಕಳೆದು, ಏರು ಇಷ್ಟೇ ಅಂದುಕೊಳ್ಳುತ್ತಾರೆ. ದಾರಿಯಲ್ಲಿ 150 ಮೀಟರ್ ಇಳಿಸಿ ಮತ್ತೆ ಹತ್ತಿಸುವ ಎರಡು ತಗ್ಗುಗಳಿದ್ದರೆ, ಹೋಗುವಾಗಲೇ 300 ಮೀಟರ್ ಜಾಸ್ತಿಯಾಯಿತು. ಬರುವಾಗ ಅದೇ ತಗ್ಗುಗಳನ್ನು ಸುಸ್ತಾದ ಕಾಲಿನಲ್ಲಿ ಮತ್ತೆ 300 ಮೀಟರ್ ಹತ್ತಬೇಕು. ಪ್ರತಿ ಏರನ್ನೂ ಬೇರೆ ಬೇರೆ ಬರೆದು ಕೂಡಿಸಿ.

ಕಿಲೋಮೀಟರನ್ನು ಗಂಟೆ ಮಾಡುವುದು

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. ಈಗ ಬಳಸುವ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿ ಕಾಲಿನವರು, ಒಳ್ಳೆಯ ಹಾದಿಯಲ್ಲಿ, ಎಲ್ಲೂ ಕೂರದೆ ನಡೆಯುವ ವೇಗ. ನಾವು ಕೂರುತ್ತೇವೆ, ತಿನ್ನುತ್ತೇವೆ, ಫೋಟೊ ತೆಗೆಯುತ್ತೇವೆ, ಬೂಟಿನಿಂದ ಕಲ್ಲು ಕೊಡವುತ್ತೇವೆ. ಹಾಗಾಗಿ ಬಂದ ಉತ್ತರವನ್ನು ಒಂದೂವರೆ ಪಟ್ಟು ಮಾಡುವುದು ನನ್ನ ರೂಢಿ.

ಒಂದು ಉದಾಹರಣೆ. ಶಿಖರಕ್ಕೆ 9 ಕಿಲೋಮೀಟರ್, ಒಟ್ಟು 1,200 ಮೀಟರ್ ಏರು, ಅದೇ ದಾರಿಯಲ್ಲಿ ವಾಪಸ್. ಹೋಗುವಾಗ ದೂರಕ್ಕೆ 1 ಗಂಟೆ 48 ನಿಮಿಷ, ಏರಿಗೆ 2 ಗಂಟೆ, ಒಟ್ಟು 3 ಗಂಟೆ 48 ನಿಮಿಷ. ಒಂದೂವರೆ ಪಟ್ಟು ಮಾಡಿದರೆ 5 ಗಂಟೆ 42 ನಿಮಿಷ. ಇಳಿಯುವುದಕ್ಕೆ 1 ಗಂಟೆ 48 ನಿಮಿಷದ ಒಂದೂವರೆ ಪಟ್ಟು, ಅಂದರೆ 2 ಗಂಟೆ 42 ನಿಮಿಷ. ದಿನದ ಲೆಕ್ಕ ಸುಮಾರು ಎಂಟೂವರೆ ಗಂಟೆ. ಇಳಿಜಾರು ತೀರಾ ಕಡಿದಾಗಿದ್ದರೆ ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಿ.

ಈಗ ಹಿಂದಕ್ಕೆ ಎಣಿಸಿ. ಸೂರ್ಯ ಸಂಜೆ 6.30ಕ್ಕೆ ಮುಳುಗುತ್ತಾನೆ ಅಂತಿಟ್ಟುಕೊಳ್ಳೋಣ. ಕಾಲು ಉಳುಕಿದರೆ, ದಾರಿ ತಪ್ಪಿದರೆ ಅಂತ ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಹಾಗಾದರೆ 4.30ಕ್ಕೆ ಕ್ಯಾಂಪಿನಲ್ಲಿರಬೇಕು. ಅದರಲ್ಲಿ ಇಳಿಯುವ ಹೊತ್ತು ಕಳೆದರೆ 1.48. ಇದನ್ನು 1.30 ಅಂತ ಬರೆದುಕೊಳ್ಳಿ. ಇದು ಹಿಂತಿರುಗುವ ಗಡುವು. ಗಡಿಯಾರ 1.30 ತೋರಿಸಿದಾಗ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಬೇಕು. ನೆತ್ತಿ ಕಣ್ಣೆದುರೇ ಇದ್ದರೂ, ಇನ್ನು ಇಪ್ಪತ್ತೇ ನಿಮಿಷ ಅಂತ ಯಾರು ಹೇಳಿದರೂ. ಅದಕ್ಕೇ ಈ ಹೊತ್ತನ್ನು ಹಿಂದಿನ ರಾತ್ರಿ, ತಲೆ ತಣ್ಣಗಿರುವಾಗ, ಎಲ್ಲರೂ ಸೇರಿ ಒಪ್ಪಿಕೊಳ್ಳಬೇಕು. ಬೆಟ್ಟದ ಮೇಲೆ ಚೌಕಾಸಿ ಶುರುವಾದರೆ ಗೆಲ್ಲುವುದು ಯಾವಾಗಲೂ ಆಸೆಯೇ.

ಬೆಳಿಗ್ಗೆ 6ಕ್ಕೆ ಹೊರಟರೆ 11.42ಕ್ಕೆ ನೆತ್ತಿ ಮುಟ್ಟುತ್ತೀರಿ. ಗಡುವಿಗೆ ಇನ್ನೂ ಪೂರ್ತಿ ಎರಡು ಗಂಟೆ ಇಲ್ಲ. ಎಂಟಕ್ಕೆ ಹೊರಟರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಗುಂಪಿನ ವೇಗ, ಅದನ್ನೂ ಮರೆಯಬೇಡಿ.

ಯಾವ ದಿನ ಯಾವ ಶಿಖರ?

ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ. ಮೈಕೈ ನೋವಿಗೆ ಮುಖ್ಯ ಕಾರಣ ಇದೇ, ಹತ್ತುವುದಲ್ಲ. ಆ ನೋವು ಅದೇ ದಿನ ಬರುವುದಿಲ್ಲ. ಒಂದರಿಂದ ಮೂರು ದಿನದ ಒಳಗೆ ಜೋರಾಗುತ್ತದೆ. ಅಂದರೆ ಮೊದಲ ದಿನ ಉದ್ದ ಇಳಿಜಾರು ಇಳಿದವರು ಮೂರನೇ ದಿನ ಟೆಂಟಿನಿಂದ ಹೊರಬರಲು ಕೈ ಊರಬೇಕಾಗುತ್ತದೆ.

ಹಾಗಾಗಿ ಮೊದಲ ದಿನ ಚಿಕ್ಕ ಶಿಖರ. ದೊಡ್ಡದು ಎರಡನೇ ದಿನ. ಮೂರನೇ ದಿನ ಖಾಲಿ. ಖಾಲಿ ದಿನವನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಸುಮ್ನೆ ಅಲ್ಲಿಟ್ಟರೆ ಅದು ಬರೀ ಪ್ರಯಾಣದ ದಿನವಾಗುತ್ತದೆ. ದೊಡ್ಡ ಶಿಖರದ ಪಕ್ಕದಲ್ಲೇ ಇಟ್ಟರೆ ಎರಡು ಲಾಭ. ಎರಡನೇ ದಿನ ಮಳೆ ಬಂದರೆ ಶಿಖರವನ್ನು ಮೂರಕ್ಕೆ ತಳ್ಳಬಹುದು. ಬಿಸಿಲು ಬಂದರೆ ಮೂರನೇ ದಿನ ಕಾಲು ಚಾಚಿ ಮಲಗಬಹುದು. ನಾಲ್ಕನೇ ದಿನಕ್ಕೆ ಮಧ್ಯಮ ಗಾತ್ರದ್ದು, ಬೇಡ ಅನ್ನಿಸಿದರೆ ಬೇಸರವಿಲ್ಲದೆ ಬಿಡಬಹುದಾದದ್ದು. ಹೀಗೆ ನಾಲ್ಕು ದಿನಕ್ಕೆ ಮೂರೇ ಶಿಖರ. ನನ್ನ ಮಟ್ಟಿಗೆ ಅದೇ ಸರಿಯಾದ ಸಂಖ್ಯೆ.

ಎತ್ತರ, ಚಳಿ, ಸಿಡಿಲು

3,000 ಮೀಟರ್ ದಾಟುವ ಬೆಟ್ಟಗಳಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಅಲ್ಲಿಂದ ಮೇಲೆ ಮಲಗುವ ಜಾಗದ ಎತ್ತರ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು. ಹಗಲು ಇನ್ನೂ ಮೇಲೆ ಹೋಗಿ ಬರಬಹುದು, ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. ತಲೆನೋವು, ವಾಕರಿಕೆ, ತಲೆಸುತ್ತು ಶುರುವಾದರೆ ಮೇಲೆ ಹೋಗಬೇಡಿ. ಕೂತಿದ್ದಾಗಲೂ ಉಸಿರು ಕಟ್ಟಿದರೆ, ಕುಡಿದವರ ಹಾಗೆ ಕಾಲು ತೂರಾಡಿದರೆ, ಮಾತು ಗಲಿಬಿಲಿಯಾದರೆ ತಕ್ಷಣ ಅವರನ್ನು ಕೆಳಗೆ ಇಳಿಸಬೇಕು. ಬೆಳಗಾಗಲಿ ಅಂತ ಕಾಯುವುದು ಪ್ರಾಣಕ್ಕೇ ಕುತ್ತು.

ಪ್ರತಿ 1,000 ಮೀಟರಿಗೆ ಗಾಳಿ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಕ್ಯಾಂಪಿನಲ್ಲಿ 15 ಡಿಗ್ರಿ ಇದ್ದರೆ 1,200 ಮೀಟರ್ ಮೇಲೆ ಸುಮಾರು 7. ಗಾಳಿ ಬೀಸಿದರೆ ಮೈಗೆ ಇನ್ನೂ ಚಳಿ. ಕ್ಯಾಂಪಿನ ಬಿಸಿಲು ನೋಡಿ ಜಾಕೆಟ್ ಬಿಟ್ಟು ಹೋಗಬೇಡಿ.

ಬೇಸಿಗೆ ಬೆಟ್ಟಗಳಲ್ಲಿ ಬೆಳಿಗ್ಗೆಯ ಬಿಸಿಲಿಗೆ ಕಾದ ಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಕಟ್ಟುವುದು ಸಾಮಾನ್ಯ. ಮಧ್ಯಾಹ್ನದೊಳಗೆ ನೆತ್ತಿ ಬಿಡಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಮ್ಮಿ ಬಂದರೆ ಏಣು ಬಿಟ್ಟು ಕೆಳಗಿಳಿಯಿರಿ, ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಪ್ರತಿ ದಿನದ ದಾರಿಗೂ ನಕ್ಷೆಯಲ್ಲಿ ಒಂದು ತಪ್ಪಿಸಿಕೊಳ್ಳುವ ದಾರಿ ಗುರುತು ಮಾಡಿ. ಏಣಿನ ಯಾವ ಬದಿಗೆ ಇಳಿದರೆ ರಸ್ತೆ ಸಿಗುತ್ತದೆ, ಯಾವ ಬದಿ ಬರೀ ಕೊಳ್ಳ, ಮಂಜಿನಲ್ಲಿ ನಿಂತು ಯೋಚಿಸುವ ವಿಷಯ ಇದಲ್ಲ.

ಕಾಲು, ಬ್ಯಾಗು, ನೀರು

ತಯಾರಿಗೆ ಎರಡು ತಿಂಗಳು ಇಟ್ಟುಕೊಳ್ಳಿ. ಮೆಟ್ಟಿಲು ಹತ್ತಿ, ಇಳಿಯಿರಿ. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ, ಬೇಕಾದ ಅಭ್ಯಾಸ ಅದೇ. ವಾರಾಂತ್ಯದಲ್ಲಿ ಶನಿವಾರ, ಭಾನುವಾರ ಎರಡೂ ದಿನ ಉದ್ದ ನಡೆಯಿರಿ. ನೊಂದ ಕಾಲಿನಲ್ಲಿ ನಡೆಯುವುದು ಹೇಗಿರುತ್ತದೆ ಅಂತ ಆಗಲೇ ಗೊತ್ತಾಗಲಿ. ಬೂಟು ಹೊಸದಾದರೆ ಈ ನಡಿಗೆಗಳಲ್ಲೇ ಪಳಗಿಸಿ. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿ. ಇಳಿಜಾರಿನಲ್ಲಿ ಹೆಬ್ಬೆರಳು ಬೂಟಿನ ಮೂತಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ಇಳಿಯುವ ಮುಂಚೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿದರೆ ಪಾದ ಮುಂದಕ್ಕೆ ಜಾರುವುದಿಲ್ಲ. ಹಿಮ್ಮಡಿ ಬಿಸಿಯಾಯಿತು ಅನ್ನಿಸಿದ ಕೂಡಲೇ ನಿಂತು ಟೇಪ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಉಳಿದ ದಿನವೆಲ್ಲ ಕುಂಟುವುದೇ.

ಹೊರುವ ಭಾರ ನಿಮ್ಮ ತೂಕದ ಐದನೇ ಒಂದು ಭಾಗದೊಳಗೆ ಇರಲಿ. ಪ್ರತಿಯೊಬ್ಬರಿಗೂ ಒಂದು ಹೆಡ್‌ಟಾರ್ಚ್, ಅದೂ ಬ್ಯಾಗಿನ ಮೇಲಿನ ಜೇಬಿನಲ್ಲಿ. ನನ್ನ ಹರಿದ ಪ್ಯಾಂಟಿನ ಪಾಠ ಅದು. ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಂಡು ಏರ್‌ಪ್ಲೇನ್ ಮೋಡಿನಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಒಳ ಜೇಬಿನಲ್ಲಿ ಮೈಗೆ ತಾಗಿ ಇದ್ದರೆ ಉಳಿಯುತ್ತದೆ. ಕೊರಳಿಗೊಂದು ಸೀಟಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಆಲ್ಪ್ಸ್ ಕಡೆಯಿಂದ ಬಂದ ಅಪಾಯದ ಕರೆ.

ನೀರು ಗಂಟೆಗೆ ಸುಮಾರು ಅರ್ಧ ಲೀಟರ್, ಬಿಸಿಲಿಗೆ ಇನ್ನೂ ಜಾಸ್ತಿ. ನಕ್ಷೆಯಲ್ಲಿ ನೀಲಿ ಗೆರೆ ಇದ್ದ ಮಾತ್ರಕ್ಕೆ ತೊರೆಯಲ್ಲಿ ನೀರಿದೆ ಅಂತಲ್ಲ, ಆ ತಿಂಗಳು ಹೋಗಿ ಬಂದವರನ್ನು ಕೇಳಿ. ತೊರೆಯ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿ, 2,000 ಮೀಟರಿಗಿಂತ ಮೇಲೆ ಮೂರು ನಿಮಿಷ. ಎತ್ತರದಲ್ಲಿ ನೀರು ಕಮ್ಮಿ ಬಿಸಿಗೇ ಕುದಿಯುತ್ತದೆ, ಅದಕ್ಕೆ.

ಮನೆಯಲ್ಲಿ ಬಿಡುವ ಚೀಟಿ

ಹೊರಡುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಳ್ಳಿ. ದಿನಕ್ಕೊಂದು ಸಾಲು: ಎಲ್ಲಿಂದ ಎಲ್ಲಿಗೆ, ಯಾವ ಶಿಖರ, ಹಿಂತಿರುಗುವ ಗಡುವು, ರಾತ್ರಿ ಎಲ್ಲಿ. ಕೆಳಗೆ ಜೊತೆಗಿರುವವರ ಹೆಸರು, ಆ ಭಾಗದ ರಕ್ಷಣಾ ತಂಡದ ನಂಬರ್. ಕೊನೆಗೆ, ಕೊನೆಯ ದಿನ ಎಷ್ಟು ಗಂಟೆಯವರೆಗೆ ನಿಮ್ಮ ಕರೆ ಬರದಿದ್ದರೆ ಆ ನಂಬರಿಗೆ ಫೋನ್ ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸುಮ್ಮನೆ ಗಾಬರಿ ಬೀಳದವರ, ಆದರೆ ಮರೆಯದವರ ಕೈಗೆ ಇದನ್ನು ಕೊಡಿ. ದಾರಿ ಬದಲಾಯಿಸಿದರೆ, ಸಿಗ್ನಲ್ ಸಿಕ್ಕಾಗ ಅವರಿಗೆ ತಿಳಿಸಿ. ಕೊನೆಯ ದಿನ ಇಳಿದು ಬಂದ ಕೂಡಲೇ ಮೊದಲು ಅವರಿಗೆ ಫೋನ್ ಮಾಡಿ, ಬೂಟು ಬಿಚ್ಚುವುದು ಆಮೇಲೆ.