ತಟ್ಟೆಯ ಅಂಚಿಗೆ ತಳ್ಳುತ್ತಿದ್ದ ತರಕಾರಿ: ನನ್ನ ಅನುಭವ

ನಲವತ್ತಮೂರು ವರ್ಷ ತುಂಬುವ ತನಕ ನಾನು ಹುಳಿ ಬಡಿಸಿಕೊಳ್ಳುವಾಗ ಹೋಳುಗಳನ್ನು ಸೌಟಿನಿಂದಲೇ ಬದಿಗೆ ಸರಿಸಿ ತಿಳಿಯನ್ನಷ್ಟೇ ಹಾಕಿಕೊಳ್ಳುತ್ತಿದ್ದೆ. ತಪ್ಪಿ ಬಿದ್ದ ಬೀನ್ಸು, ಸೀಮೆಬದನೆ ಹೋಳುಗಳು ಊಟ ಮುಗಿಯುವ ಹೊತ್ತಿಗೆ ತಟ್ಟೆಯ ಅಂಚು ಸೇರಿರುತ್ತಿದ್ದವು. ಆಲೂಗಡ್ಡೆ, ಈರುಳ್ಳಿ, ಚಳಿಗಾಲ ಬಂದರೆ ಅವರೆಕಾಳು, ನಾನು ಮನಸ್ಸಿಟ್ಟು ತಿನ್ನುತ್ತಿದ್ದದ್ದು ಇಷ್ಟೇ.

ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ ನನ್ನದು. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ವಡೆ, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ಇಲ್ಲವೇ ಪುಳಿಯೋಗರೆ, ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ವರ್ಷಗಟ್ಟಲೆ ಮಲಬದ್ಧತೆ ಅನುಭವಿಸಿ, ಅದು ಮೂಲವ್ಯಾಧಿಗೆ ತಿರುಗಿ ರಕ್ತ ಕಂಡ ದಿನ ಹೆದರಿ ವೈದ್ಯರ ಹತ್ತಿರ ಹೋದೆ. ಅವರು ಮುಲಾಮು, ಮಾತ್ರೆ ಬರೆದು, "ದಿನಾ ಯಾವ್ಯಾವ ತರಕಾರಿ ತಿಂತೀರಿ, ಹೇಳಿ" ಅಂದರು. ಹೇಳಲು ಒಂದು ಹೆಸರೂ ಬಾಯಿಗೆ ಬರಲಿಲ್ಲ.

ಆ ವಾರವೇ ಮನೆಗೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ, ಅದರಲ್ಲಿ ಆಲೂಗಡ್ಡೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಒಂದು ದಿನ ತಿಂದದ್ದನ್ನು, ಹಸಿಯಾಗಿದ್ದಾಗಿನ ತೂಕದಲ್ಲಿ, ಕೂಡಿಸಿದೆ. ಆಲೂಗಡ್ಡೆ ಬಿಟ್ಟು 60 ಗ್ರಾಂ ಆಯಿತು. ಅದರಲ್ಲೂ ಬಹುಪಾಲು ಒಗ್ಗರಣೆಯ ಈರುಳ್ಳಿ.

ಮೊದಲ ತಿಂಗಳು ಮಾಡಿದ್ದೆಲ್ಲ ತಪ್ಪೇ. ಲಾಲ್‌ಬಾಗಿನ ಬಾಗಿಲಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವವರಿಗೆ ಹಾಗಲಕಾಯಿ, ಬೂದುಗುಂಬಳದ ರಸ ಮಾರುತ್ತಾರಲ್ಲ, ಅದನ್ನು ಮೂಗು ಹಿಡಿದು ಎರಡು ವಾರ ಕುಡಿದೆ. ಸೋಸಿದ ಆ ರಸದಲ್ಲಿ ನನಗೆ ಬೇಕಾಗಿದ್ದ ನಾರೇ ಇರಲಿಲ್ಲ, ಅದು ಜರಡಿಯಲ್ಲೇ ಉಳಿದುಬಿಡುತ್ತಿತ್ತು. ಆಮೇಲೆ ಕ್ಯಾರೆಟ್ಟು, ಸೋರೆಕಾಯಿ ರುಬ್ಬಿ ದೋಸೆ ಹಿಟ್ಟಿಗೆ ಸೇರಿಸಿದೆವು. ದೋಸೆ ತಿಂದೆ, ನಿಜ. ಆದರೆ ಆ ಸೋರೆಕಾಯಿ ಹೋಳಾಗಿ ಹುಳಿಯಲ್ಲಿ ಬಂದಾಗ ಮತ್ತೆ ಅಂಚಿಗೇ ಹೋಯಿತು. ಬಚ್ಚಿಟ್ಟು ತಿನ್ನಿಸಿದರೆ ಹೊಟ್ಟೆಗೆ ಸೇರಬಹುದು, ನಾಲಿಗೆಗೆ ಅದರ ಗುರುತೇ ಆಗುವುದಿಲ್ಲ.

ದಾರಿ ಸಿಕ್ಕಿದ್ದು ನನ್ನ ಹೆಂಡತಿ ಕೇಳಿದ ಒಂದು ಪ್ರಶ್ನೆಯಿಂದ. "ರೀ, ತರಕಾರಿ ಸೇರಲ್ಲ ಸೇರಲ್ಲ ಅಂತೀರಲ್ಲ, ಬೆಂಡೆಕಾಯಲ್ಲಿ ಸೇರದೇ ಇರೋದು ಏನು? ಕೋಸಲ್ಲಿ ಏನು?" ನಾನು ಪ್ರೆಸ್ಸಿನಿಂದ ತಂದ ಒಂದು ಕರಡು ಹಾಳೆಯ ಬೆನ್ನಿಗೆ ಬರೆಯುತ್ತ ಕೂತೆ. ಬೆಂಡೆಕಾಯಿ: ಲೋಳೆ. ಎಲೆಕೋಸು, ಮೂಲಂಗಿ, ನವಿಲುಕೋಸು: ವಾಸನೆ. ಸೋರೆ, ಪಡವಲ, ಸೀಮೆಬದನೆ: ಬಾಯಲ್ಲಿ ಹಿಚುಕಿದ ಹಾಗೆ ಆಗುವುದು. ಹಾಗಲ, ಮೆಂತ್ಯ: ಕಹಿ. ಹಾಳೆ ತುಂಬಿದ ಮೇಲೆ ನೋಡಿದರೆ ನನ್ನ ದೂರು ತರಕಾರಿಗಳ ಮೇಲೆ ಅಲ್ಲವೇ ಅಲ್ಲ. ಲೋಳೆ, ವಾಸನೆ, ಮೆತ್ತಗಾಗುವುದು, ಕಹಿ, ಈ ನಾಲ್ಕರ ಮೇಲೆ. ಇವುಗಳಲ್ಲಿ ಮೂರಂತೂ ಒಲೆಯ ಮೇಲೆ ಸರಿಹೋಗುವಂಥವು.

ವಾಸನೆಯಿಂದ ಶುರು ಮಾಡಿದೆ. ಎಲೆಕೋಸು, ಹೂಕೋಸು, ಮೂಲಂಗಿ, ನವಿಲುಕೋಸು ಎಲ್ಲ ಒಂದೇ ಬಳಗ, ಎಲ್ಲದರಲ್ಲೂ ಗಂಧಕ ಸೇರಿದ ಅಂಶಗಳಿವೆ. ಬೇಯಿಸಿದಷ್ಟೂ ಹೊತ್ತು ಆ ವಾಸನೆ ಏರುತ್ತ ಹೋಗುತ್ತದೆ. ನಮ್ಮ ಮನೆಯಲ್ಲಿ ಅಮ್ಮನ ಕಾಲದಿಂದಲೂ ಬೇಳೆಯ ಜೊತೆಗೆ ಕುಕ್ಕರಿನಲ್ಲಿ ನಾಲ್ಕು ಸೀಟಿ. ಬೇಳೆಗೆ ಬೇಕಾದ ನಾಲ್ಕು ಸೀಟಿಯನ್ನು ಕೋಸೂ ತಿನ್ನಬೇಕಾಗಿತ್ತು. ಈಗ ಬೇಳೆ ಕುಕ್ಕರಿಗೆ, ತರಕಾರಿ ಬೇರೆ ಪಾತ್ರೆಯಲ್ಲಿ, ಮುಚ್ಚಳವಿಲ್ಲದೆ. ಕೋಸನ್ನು ಕೂದಲೆಳೆಯ ಹಾಗೆ ಸಣ್ಣಗೆ ಹೆಚ್ಚಿ, ಅಗಲ ಬಾಣಲೆಯಲ್ಲಿ ಉದ್ದಿನಬೇಳೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ ದೊಡ್ಡ ಉರಿಯಲ್ಲಿ ನಾಲ್ಕು ನಿಮಿಷ, ಅಷ್ಟೇ. ಇಳಿಸಿದ ಮೇಲೆ ನಿಂಬೆರಸ, ತೆಂಗಿನತುರಿ. ಹಲ್ಲಿಗೆ ಕರುಕರು ಅನ್ನುತ್ತದೆ, ಆ ವಾಸನೆಯ ಸುಳಿವೂ ಇರುವುದಿಲ್ಲ.

ಇದೇ ಬಳಗದ ಕಹಿಯ ಬಗ್ಗೆ ಓದಿದ ಒಂದು ಸಂಗತಿ ನನಗೆ ತುಂಬ ಸಮಾಧಾನ ಕೊಟ್ಟಿತು. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಪಿಟಿಸಿ ಎಂಬ ಪುಡಿಯೊಂದನ್ನು ಸುರಿಯುತ್ತಿದ್ದಾಗ ಅದರ ಧೂಳು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಅಬ್ಬಾ ಕಹಿ ಅಂದ, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಆ ಪುಡಿಗೆ ಹತ್ತಿರದ ಅಂಶಗಳು ಕೋಸಿನ ಬಳಗದಲ್ಲೂ ಇವೆ, ಅವುಗಳ ಕಹಿ ಯಾರಿಗೆ ಎಷ್ಟು ಹತ್ತುತ್ತದೆ ಎನ್ನುವುದು ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ. ಚಿಕ್ಕವನಿದ್ದಾಗ "ಹಟ ಮಾಡ್ತಾನೆ" ಅಂತ ಬೈಸಿಕೊಂಡ ಎಷ್ಟೋ ಮಕ್ಕಳಿಗೆ ನಿಜವಾಗಿಯೂ ಹೆಚ್ಚು ಕಹಿ ಆಗುತ್ತಿದ್ದಿರಬೇಕು. ಮಕ್ಕಳಿಗೆ ಉಣ್ಣಿಸುವವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಬೆಂಡೆಕಾಯಿಗೆ ಬರುತ್ತೇನೆ, ಏಕೆಂದರೆ ನನ್ನನ್ನು ಪೂರ್ತಿ ಬದಲಾಯಿಸಿದ್ದು ಅದೇ. ಹಿಂದಿನ ರಾತ್ರಿಯೇ ತೊಳೆದು, ಹಳೇ ಪಂಚೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಬಿಡುತ್ತೇನೆ. ಹೆಚ್ಚುವಾಗ ಕಾಯಲ್ಲಿ, ಚಾಕುವಿನಲ್ಲಿ, ಮಣೆಯಲ್ಲಿ ಒಂದು ಹನಿ ನೀರೂ ಇರಬಾರದು. ನೀರು ತಾಗಿದರೆ ಲೋಳೆ ನೂಲುನೂಲಾಗಿ ಎಳೆಯುತ್ತದೆ. ಬಾಣಲೆ ಅಗಲವಾಗಿರಬೇಕು, ಹೋಳು ಒಂದರ ಮೇಲೊಂದು ರಾಶಿ ಬೀಳಬಾರದು. ಮುಚ್ಚಳ ಮುಚ್ಚುವ ಹಾಗಿಲ್ಲ, ಉಪ್ಪನ್ನು ಕೊನೆಗೆ ಹಾಕಬೇಕು, ಏಕೆಂದರೆ ಉಪ್ಪು ಮೊದಲೇ ಬಿದ್ದರೆ ಕಾಯಿ ನೀರು ಬಿಡುತ್ತದೆ. ಐದಾರು ನಿಮಿಷ ಕಳೆದ ಮೇಲೆ ಸೌಟಿಗೆ ಅಂಟುತ್ತಿದ್ದ ಎಳೆಗಳು ಮಾಯವಾಗಿ, ಅಂಚುಗಳು ಕಂದಿ, ಹೋಳುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗುತ್ತವೆ. ಆಗ ಒಂದು ಚಮಚ ಗಟ್ಟಿ ಹುಣಸೆರಸ. ಹುಳಿ ಬಿದ್ದರೆ ಉಳಿದ ಲೋಳೆಯೂ ಮುರಿಯುತ್ತದೆ. ಬೆಂಡೆಕಾಯಿ ಗೊಜ್ಜಿಗೆ ಹುಣಸೆಹಣ್ಣು, "ಹಸಿ" ಎನ್ನುವ ವ್ಯಂಜನಕ್ಕೆ ಮೊಸರು ಹಾಕುವ ರೂಢಿ ಎಷ್ಟು ಲೆಕ್ಕಾಚಾರದ್ದು ಎಂದು ನನಗೆ ತಿಳಿದದ್ದು ಆಗ. ಮೊದಲ ಸಲ ನಾನೇ ನಿಂತು ಮಾಡಿದ ದಿನ ಅನ್ನವನ್ನೂ ಕಾಯದೆ ಬಾಣಲೆಯಿಂದಲೇ ಅರ್ಧ ತಿಂದಿದ್ದೆ.

ಮೆತ್ತಗಾಗುವ ಕಾಯಿಗಳಿಗೂ ಇದೇ ನ್ಯಾಯ. ಸೀಮೆಬದನೆಯನ್ನು ತಮಿಳರು, ತೆಲುಗರು ಬೆಂಗಳೂರಿನ ಹೆಸರಲ್ಲೇ ಕರೆಯುತ್ತಾರೆ, ಮೂಲ ಮಾತ್ರ ಮೆಕ್ಸಿಕೋ ಕಡೆಯದು. ದೊಡ್ಡ ಹೋಳು ಮಾಡಿ, ಹುಳಿ ಕುದಿಯುವಾಗ ಕೊನೆಗೆ ಹಾಕಿದರೆ ಗಟ್ಟಿಯಾಗಿ, ಸಿಹಿಯಾಗಿ ಇರುತ್ತದೆ. ಹೀರೇಕಾಯಿ ನನಗೆ ಬಜ್ಜಿಯಾಗಿ, ಅದರ ಸಿಪ್ಪೆ ಚಟ್ನಿಯಾಗಿ ಸೇರಿತು. ಪಡವಲ ಇನ್ನೂ ಅಷ್ಟಕ್ಕಷ್ಟೆ.

ಸೊಪ್ಪಿಗೆ ನನ್ನನ್ನು ಒಗ್ಗಿಸಿದವರು ನನ್ನ ಅತ್ತೆ, ಮಾಗಡಿ ಕಡೆಯವರು. ದಂಟಿನ ಸೊಪ್ಪಿನ ಪಲ್ಯ ಬೇಡ ಅಂದದ್ದಕ್ಕೆ "ಪಲ್ಯ ಬ್ಯಾಡ ಬುಡಪ್ಪ, ಬಸ್ಸಾರು ಉಣ್ಣು" ಅಂದರು. ಹೆಸರುಕಾಳು ಅರೆಬೇಯುವಾಗ ಸೊಪ್ಪು ಹಾಕಿ, ಬೆಂದ ಮೇಲೆ ನೀರು ಬಸಿದರು. ಬಸಿದ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಸಾರಿನಪುಡಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪುಕಾಳು ರುಬ್ಬಿ ಹಾಕಿ ಕುದಿಸಿದರು. ಉಳಿದ ಸೊಪ್ಪಿಗೆ ಒಣಮೆಣಸಿನಕಾಯಿ ಒಗ್ಗರಣೆ. ಬೇಯುವಾಗ ನೀರಿಗೆ ಇಳಿಯುವ ಸತ್ವ ಚೆಲ್ಲಿಹೋಗದೆ ಸಾರಾಗಿ ತಟ್ಟೆಗೆ ಬರುತ್ತದೆ. ಬಿಸಿ ಮುದ್ದೆಯ ತುತ್ತನ್ನು ಆ ಸಾರಿಗೆ ಅದ್ದಿ ನುಂಗುವಾಗ ಮಧ್ಯೆ ಮಧ್ಯೆ ಪಲ್ಯಕ್ಕೆ ಕೈ ತಾನಾಗಿಯೇ ಹೋಯಿತು. ಮೊರದ ತುಂಬ ಇದ್ದ ಸೊಪ್ಪು ಬೆಂದ ಮೇಲೆ ಒಂದು ಬಟ್ಟಲಿಗೆ ಇಳಿದಿತ್ತು. ನನ್ನ ಪಾಲಿನದು ಹಸಿ ತೂಕದಲ್ಲಿ 180 ಗ್ರಾಂ. ಒಂದೇ ಊಟಕ್ಕೆ ಅಷ್ಟು ತರಕಾರಿ ನಾನು ಜೀವಮಾನದಲ್ಲಿ ತಿಂದಿರಲಿಲ್ಲ.

ಅವರೆಕಾಯಿ ಕಾಲ ಬಂದಾಗ ಇನ್ನೊಂದು ಉಪಾಯ ಹೊಳೆಯಿತು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ ಇದ್ದರೆ ನನಗೆ ಬೇರೇನೂ ಬೇಡ. ಹಾಗಾಗಿ ಸೇರದ್ದನ್ನು ಅದರ ಜೊತೆ ಕೂಡಿಸಿದೆ: ಅವರೆಕಾಳು ಬದನೆಕಾಯಿ ಹುಳಿ, ಅವರೆಕಾಳು ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ. ಮೊದಮೊದಲು ಕಾಳು ಹೆಚ್ಚು, ಸೊಪ್ಪು ಕಮ್ಮಿ. ಸಂಕ್ರಾಂತಿ ಕಳೆದು ಕಾಳು ಸಿಗದಾದಾಗ ಬರೀ ಸಬ್ಬಸಿಗೆಯ ರೊಟ್ಟಿಯೂ ರುಚಿಸುತ್ತಿತ್ತು. ಒಂದೇ ಸಲಕ್ಕೆ ಯಾವುದೂ ಒಗ್ಗುವುದಿಲ್ಲ, ಹತ್ತಾರು ಸಲ ಬಾಯಿಗೆ ಬೀಳಬೇಕು. ನನಗೆ ಮೂಲಂಗಿಗೆ ಒಂಬತ್ತು ಸಲ ಬೇಕಾಯಿತು, ಹಾಳೆಯಲ್ಲಿ ಗೆರೆ ಎಳೆದು ಎಣಿಸಿದ್ದೇನೆ.

ಕೊಳ್ಳುವುದರಲ್ಲಿ ಒಂದು ಮಾತು. ಸೇರದ ತರಕಾರಿಯನ್ನು ಅರ್ಧ ಕೇಜಿ ತಂದರೆ ಫ್ರಿಜ್ಜಿನಲ್ಲಿ ಕೊಳೆಯುತ್ತದೆ, ಮನಸ್ಸೂ ಮುರಿಯುತ್ತದೆ. ಹಾಪ್‌ಕಾಮ್ಸ್ ಅಂಗಡಿಯಲ್ಲಿ ನನಗೆ ಬೇಕಾದಷ್ಟನ್ನು ನಾನೇ ಆರಿಸಿಕೊಂಡು, ವಾರಕ್ಕೆ ಒಂದು ಹೊಸ ಕಾಯಿ, ಕಾಲು ಕೇಜಿ ಮಾತ್ರ ತರುತ್ತೇನೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರಿಗಾಗಿ ಶುರುವಾದ ಆ ಸಹಕಾರ ಸಂಘ ನನ್ನಂಥವನಿಗೆ ಹೀಗೆ ಒದಗಿ ಬಂತು. ಸೊಪ್ಪು ಮಾತ್ರ ಮನೆ ಮುಂದೆ ಬೆಳಿಗ್ಗೆ ಕೂಗಿಕೊಂಡು ಬರುವ ಗಾಡಿಯವರ ಹತ್ತಿರವೇ.

ಉಣ್ಣುವ ಕ್ರಮವನ್ನೂ ಬದಲಾಯಿಸಿದೆ. ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಅನ್ನಕ್ಕೆ ಮೊದಲೇ ಬೀಳುತ್ತವಲ್ಲ, ಮನೆಯಲ್ಲೂ ಹಾಗೇ. ಹಸಿವು ಜೋರಾಗಿರುವಾಗ ತಟ್ಟೆಯಲ್ಲಿ ಪಲ್ಯ ಬಿಟ್ಟು ಬೇರೇನೂ ಇರಕೂಡದು. ಅದು ಖಾಲಿಯಾದ ಮೇಲೆ ಅನ್ನ. ಹೋಟೆಲಿನಲ್ಲಿ ಊಟಕ್ಕೆ ಕೂತರೆ ಪೂರಿ ಬರುವ ಮೊದಲೇ ಪಲ್ಯದ ಬಟ್ಟಲು ಮುಗಿಸಿ "ಇನ್ನೊಂದು ಸಲ ಪಲ್ಯ ಹಾಕಿ" ಎಂದು ಕೇಳುತ್ತೇನೆ, ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಒಂದೇ ವಾರಕ್ಕೆ 60ರಿಂದ 350 ಗ್ರಾಂಗೆ ಹಾರಿದಾಗ ಹೊಟ್ಟೆ ಉಬ್ಬರಿಸಿ ಎರಡು ದಿನ ಒದ್ದಾಡಿದೆ. ನಾರು ಹೆಚ್ಚಿದರೆ ನೀರೂ ಹೆಚ್ಚಬೇಕು. ವಾರಕ್ಕೆ 50 ಗ್ರಾಂ ಏರಿಸುತ್ತ ಹೋದ ಮೇಲೆ ತೊಂದರೆಯಾಗಲಿಲ್ಲ. ಈಗ ಒಂದೂವರೆ ವರ್ಷವಾಯಿತು, ಹೆಚ್ಚಿನ ದಿನ 350ರ ಆಚೀಚೆ ನಿಲ್ಲುತ್ತದೆ. ರಕ್ತ ಮತ್ತೆ ಕಂಡಿಲ್ಲ.

ಹಾಗಲಕಾಯಿಯೊಂದು ಉಳಿದಿತ್ತು. ತೆಳ್ಳಗೆ ಬಿಲ್ಲೆ ಮಾಡಿ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡಿ, ಎಣ್ಣೆಯಲ್ಲಿ ಬಾಡಿಸಿ, ಹುರಿದ ಎಳ್ಳು, ಕೊಬ್ಬರಿ, ಮೆಣಸಿನಕಾಯಿ ರುಬ್ಬಿ, ಹುಣಸೆ ಬೆಲ್ಲದ ಜೊತೆ ಗೊಜ್ಜು ಮಾಡುತ್ತೇವೆ. ಉಪ್ಪು, ಬೆಲ್ಲ ಎರಡೂ ಕಹಿಯನ್ನು ಹಿಂದಕ್ಕೆ ತಳ್ಳುತ್ತವೆ. ಶುರುವಿನಲ್ಲಿ ನಿಂಬೆಗಾತ್ರದ ಬೆಲ್ಲ ಎರಡು ಬೇಕಾಗುತ್ತಿತ್ತು. ಪ್ರತಿ ಸಲ ಸ್ವಲ್ಪ ಕಡಿಮೆ ಮಾಡುತ್ತ ಬಂದೆ. ಹೋದ ಭಾನುವಾರ ಅರ್ಧ ಉಂಡೆ ಹಾಕಿದ್ದೆ. ಹೆಂಡತಿ ರುಚಿ ನೋಡಿ, "ಬೆಲ್ಲ ಕಮ್ಮಿ ಆಯ್ತು ಕಣ್ರೀ, ನನಗೆ ಕಹಿ ಹತ್ತುತ್ತೆ" ಅಂದು ತನ್ನ ಬಟ್ಟಲಿಗೆ ಇನ್ನೊಂದು ಚೂರು ಬೆಲ್ಲ ಕಲಸಿಕೊಂಡಳು. ನಾನು ಹಾಗೇ ಅನ್ನಕ್ಕೆ ಕಲಸಿ ತಿಂದೆ.